ಉಸಿರನ್ನೇ ಪ್ರಯೋಗಕ್ಕಿಟ್ಟ ವೈದ್ಯ ರೋಜರ್ ಆಲ್ಟೂನ್ಯಾನ್

ಉಬ್ಬಸ, ಗೂರಲು, ದಮ್ಮು, ಆಸ್ತಮಾ. ಒಂದೇ ಕಾಯಿಲೆಗೆ ನಮ್ಮಲ್ಲಿ ಇಷ್ಟು ಹೆಸರುಗಳಿವೆ. ನಮ್ಮ ಮನೆಯ ಉರ್ದುವಿನಲ್ಲಿ ಅದನ್ನು ದಮಾ ಎನ್ನುತ್ತೇವೆ. ದಮ್ ಎಂದರೆ ಉಸಿರು. ಉಸಿರನ್ನೇ ಹಿಡಿಯುವ ಕಾಯಿಲೆಗೆ ಉಸಿರಿನ ಹೆಸರನ್ನೇ ಇಟ್ಟಿದ್ದಾರೆ. ಇಷ್ಟು ಹೆಸರುಗಳಿರುವ ಕಾಯಿಲೆಗೆ ಔಷಧಿ ಹುಡುಕಿದವರ ಹೆಸರು ಮಾತ್ರ ನಮಗೆ ಗೊತ್ತಿರುವುದಿಲ್ಲ. ಅಂಥವರಲ್ಲಿ ಒಬ್ಬರಾದ ಡಾ. ರೋಜರ್ ಆಲ್ಟೂನ್ಯಾನ್ ಅವರ ಜೀವನವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೆ ಇವರ ಕಥೆಯಲ್ಲಿ ಒಂದು ಕಂಪನಿಯೂ ಇದೆ, ಒಂದು ನಷ್ಟದ ಲೆಕ್ಕವೂ ಇದೆ, ನಮ್ಮೆಲ್ಲರ ಮನೆಗೆ ಸಂಬಂಧಿಸಿದ ಒಂದು ಪಾಠವೂ ಇದೆ. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ರೋಜರ್ ಹುಟ್ಟಿದ್ದು 1922ರಲ್ಲಿ, ಸಿರಿಯಾದಲ್ಲಿ. ಅವರ ಕುಟುಂಬ ಅಲೆಪ್ಪೊ ನಗರದಲ್ಲಿ ನೆಲೆಸಿತ್ತು. ಅರಬ್ಬಿಯಲ್ಲಿ ಈ ನಗರಕ್ಕೆ ಹಲಬ್ ಎನ್ನುತ್ತಾರೆ. ಇತ್ತೀಚಿನ ಯುದ್ಧದ ಸುದ್ದಿಗಳಲ್ಲಿ ನಾವು ಈ ಹೆಸರನ್ನು ಬಹಳ ಸಲ ಕೇಳಿದ್ದೇವೆ. ಆದರೆ ಅದು ಸಾವಿರಾರು ವರ್ಷಗಳ ಇತಿಹಾಸವಿರುವ ವ್ಯಾಪಾರದ ಊರು. ರೋಜರ್ ಅವರ ಅಜ್ಜ ಅರಾಮ್ ಆಲ್ಟೂನ್ಯಾನ್ ಅರ್ಮೇನಿಯನ್ ವೈದ್ಯರು. ಅಲೆಪ್ಪೊದಲ್ಲಿ ಒಂದು ಆಸ್ಪತ್ರೆ ಕಟ್ಟಿ ಹೆಸರು ಮಾಡಿದ್ದರು. ಅಜ್ಜಿ ಐರ್ಲೆಂಡಿನವರು. ತಂದೆ ಅರ್ನೆಸ್ಟ್ ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು. ತಾಯಿ ಡೋರಾ ಇಂಗ್ಲೆಂಡಿನ ಕಲಾವಿದ ಮತ್ತು ಲೇಖಕ ಡಬ್ಲ್ಯು. ಜಿ. ಕಾಲಿಂಗ್‌ವುಡ್ ಅವರ ಮಗಳು. ಹೀಗೆ ಅರ್ಮೇನಿಯನ್, ಐರಿಷ್, ಇಂಗ್ಲಿಷ್ ಮೂರೂ ಸೇರಿದ ಮನೆ, ಸುತ್ತಲೂ ಅರಬ್ಬಿ ಮಾತನಾಡುವ ಊರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಎಂಬುದು ನಮ್ಮ ಕಾಲೇಜಿನ ಅನೇಕರಿಗೆ ಹೊಸದೇನಲ್ಲ.

ನಾಲ್ವರು ಅಕ್ಕತಂಗಿಯರ ನಡುವೆ ರೋಜರ್ ಒಬ್ಬನೇ ಹುಡುಗ. 1928ರ ಬೇಸಿಗೆಯಲ್ಲಿ ಈ ಮಕ್ಕಳು ತಾಯಿಯ ತವರಿನ ಕಡೆ, ಇಂಗ್ಲೆಂಡಿನ ಉತ್ತರ ಭಾಗದ ಕಾನಿಸ್ಟನ್ ಸರೋವರದ ಹತ್ತಿರ ರಜೆ ಕಳೆದರು. ಕಾಲಿಂಗ್‌ವುಡ್ ಕುಟುಂಬದ ಹಳೆಯ ಸ್ನೇಹಿತ, ಪತ್ರಕರ್ತ ಆರ್ಥರ್ ರಾನ್ಸಮ್ ಅವರಿಗೆ ಹಾಯಿದೋಣಿ ನಡೆಸಲು ಕಲಿಸಿದರು. ಸಿರಿಯಾಕ್ಕೆ ಮರಳುವ ಮೊದಲು ಮಕ್ಕಳು ರಾನ್ಸಮ್‌ಗೆ ಒಂದು ಜೊತೆ ಕೆಂಪು ಟರ್ಕಿ ಚಪ್ಪಲಿಯನ್ನು ಉಡುಗೊರೆ ಕೊಟ್ಟರು. ಅದಕ್ಕೆ ಪ್ರತಿಯಾಗಿ ರಾನ್ಸಮ್ ಒಂದು ಮಕ್ಕಳ ಕಾದಂಬರಿಯನ್ನೇ ಬರೆದರು. 1930ರಲ್ಲಿ ಬಂದ ಆ ಪುಸ್ತಕದ ಹೆಸರು ಸ್ವಾಲೋಸ್ ಅಂಡ್ ಅಮೆಜಾನ್ಸ್. ಅದರಲ್ಲಿ ಬರುವ ಪುಟ್ಟ ಹುಡುಗನ ಹೆಸರೂ ರೋಜರ್. ಇಂದಿಗೂ ಇಂಗ್ಲೆಂಡಿನ ಮಕ್ಕಳು ಆ ಪುಸ್ತಕ ಓದುತ್ತಾರೆ. ಅದರ ರೋಜರ್ ಮುಂದೆ ಆಸ್ತಮಾ ರೋಗಿಗಳ ಪಾಲಿಗೆ ಏನಾದ ಎಂಬುದು ಓದುವವರಲ್ಲಿ ಬಹಳ ಜನರಿಗೆ ತಿಳಿದಿರಲಿಕ್ಕಿಲ್ಲ.

ಎರಡನೇ ಮಹಾಯುದ್ಧ ಬಂದಾಗ ರೋಜರ್ ಬ್ರಿಟನ್ನಿನ ವಾಯುಪಡೆ ಸೇರಿ ಪೈಲಟ್ ಆದರು, ಬೇರೆಯವರಿಗೆ ವಿಮಾನ ಹಾರಿಸಲು ಕಲಿಸುವ ತರಬೇತುದಾರರೂ ಆದರು. ವಿಮಾನದ ಮುಂದೆ ತಿರುಗುವ ರೆಕ್ಕೆಯನ್ನು ಅವರು ಮರೆಯಲಿಲ್ಲ. ಅದು ಈ ಕಥೆಯಲ್ಲಿ ಮತ್ತೆ ಬರುತ್ತದೆ. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಮತ್ತು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಓದಿದರು. ನಂತರ ಅಲೆಪ್ಪೊಗೆ ಹಿಂದಿರುಗಿ ಅಜ್ಜನ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಮೂರು ತಲೆಮಾರು ಒಂದೇ ಆಸ್ಪತ್ರೆಯಲ್ಲಿ ದುಡಿದಂತಾಯಿತು. ಆದರೆ 1956ರಲ್ಲಿ, ಸೂಯೆಜ್ ಬಿಕ್ಕಟ್ಟಿನ ವರ್ಷ, ಅವರು ಸಿರಿಯಾವನ್ನು ಬಿಟ್ಟು ಇಂಗ್ಲೆಂಡಿಗೆ ಬರಬೇಕಾಯಿತು. ಮನೆತನದ ಆಸ್ಪತ್ರೆ, ಬೆಳೆದ ಊರು ಎರಡೂ ಹಿಂದೆ ಉಳಿದವು. ಜೊತೆಯಲ್ಲಿ ಬಂದದ್ದು ವೈದ್ಯ ಪದವಿ ಮತ್ತು ಆಸ್ತಮಾ. ಹೌದು, ರೋಜರ್ ಸ್ವತಃ ಆಸ್ತಮಾ ರೋಗಿಯಾಗಿದ್ದರು.

ಆಗಿನ ಕಾಲದಲ್ಲಿ ಆಸ್ತಮಾಕ್ಕೆ ಏನಿತ್ತು ಎಂದು ತಿಳಿದರೆ ಅವರ ಕೆಲಸದ ಬೆಲೆ ಗೊತ್ತಾಗುತ್ತದೆ. ನಮ್ಮ ಶ್ವಾಸನಾಳಗಳು ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಹೋಗುತ್ತವೆ. ಅವುಗಳ ಸುತ್ತ ತೆಳುವಾದ ಸ್ನಾಯುಗಳಿವೆ. ಆಸ್ತಮಾ ಬಂದಾಗ ಈ ಸ್ನಾಯು ಬಿಗಿಯುತ್ತದೆ, ನಾಳದ ಒಳಗೋಡೆ ಊದಿಕೊಳ್ಳುತ್ತದೆ, ಅಂಟಾದ ಕಫ ತುಂಬುತ್ತದೆ. ಆಗಿನ ವೈದ್ಯರು ಮುಖ್ಯವಾಗಿ ನೋಡುತ್ತಿದ್ದದ್ದು ಮೊದಲನೆಯದನ್ನು, ಅಂದರೆ ಬಿಗಿದ ಸ್ನಾಯುವನ್ನು. ಅಡ್ರಿನಲಿನ್, ಎಫೆಡ್ರಿನ್, ಐಸೊಪ್ರಿನಲಿನ್ ಮುಂತಾದ ಔಷಧಿಗಳು ಆ ಬಿಗಿಯನ್ನು ಸಡಿಲಿಸುತ್ತಿದ್ದವು. ಒತ್ತಿದರೆ ಔಷಧಿ ಚಿಮ್ಮುವ ಕೈಯಲ್ಲಿ ಹಿಡಿಯುವ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದೂ 1956ರಲ್ಲೇ. ಸ್ಟೀರಾಯ್ಡ್ ಮಾತ್ರೆಗಳು ಊತವನ್ನು ಇಳಿಸುತ್ತಿದ್ದವು, ಆದರೆ ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುವುದು, ಮುಖ ಊದುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಮುಂತಾದ ತೊಂದರೆಗಳಿದ್ದವು. ಒಟ್ಟಿನಲ್ಲಿ ಉಬ್ಬಸ ಬಂದ ಮೇಲೆ ಅದನ್ನು ಇಳಿಸುವುದೇ ಚಿಕಿತ್ಸೆಯಾಗಿತ್ತು. ಬರದಂತೆ ನೋಡಿಕೊಳ್ಳಲು ಸುರಕ್ಷಿತವಾದ ಒಂದು ಔಷಧಿ ಇರಲಿಲ್ಲ.

ಇಂಗ್ಲೆಂಡಿಗೆ ಬಂದ ರೋಜರ್ ಬೆಂಜರ್ ಎಂಬ ಔಷಧ ಕಂಪನಿಯ ಸಂಶೋಧನಾಲಯದಲ್ಲಿ ಕೆಲಸಕ್ಕೆ ಸೇರಿದರು. ಅದು ಚೆಷೈರ್ ಪ್ರಾಂತ್ಯದ ಹೋಮ್ಸ್ ಚಾಪಲ್ ಎಂಬ ಊರಿನಲ್ಲಿತ್ತು. ಈ ಕಂಪನಿಯ ಮಾಲೀಕ ಸಂಸ್ಥೆಯಾದ ಫೈಸನ್ಸ್ ಮುಖ್ಯವಾಗಿ ರಸಗೊಬ್ಬರ ತಯಾರಿಸುವ ಕಂಪನಿ. ಅಲ್ಲಿನ ರಸಾಯನಶಾಸ್ತ್ರಜ್ಞರು ಖೆಲ್ಲಿನ್ ಎಂಬ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದರು. ಖೆಲ್ಲಿನ್ ಸಿಗುವುದು ಈಜಿಪ್ಟ್ ಮತ್ತು ಪೂರ್ವ ಮೆಡಿಟರೇನಿಯನ್ ದೇಶಗಳಲ್ಲಿ ಬೆಳೆಯುವ ಖೆಲ್ಲಾ ಎಂಬ ಗಿಡದ ಬೀಜದಿಂದ. ನಮ್ಮ ಅಡುಗೆಮನೆಯ ಜೀರಿಗೆ, ಓಮ, ಕೊತ್ತಂಬರಿಯ ಕುಟುಂಬಕ್ಕೇ ಸೇರಿದ ಗಿಡ ಅದು. ಅದರ ಒಣಗಿದ ಹೂಗೊಂಚಲಿನ ಕಡ್ಡಿಗಳನ್ನು ಹಲ್ಲುಕಡ್ಡಿಯಾಗಿ ಬಳಸುವ ರೂಢಿಯಿತ್ತು. ಹಲ್ಲುಕಡ್ಡಿಗೆ ಉರ್ದುವಿನಲ್ಲಿ ಖಿಲಾಲ್ ಎನ್ನುತ್ತಾರೆ. ಹಾಗಾಗಿ ಆ ಗಿಡದ ಹೆಸರು ಓದಿದಾಗ ನನಗೆ ಪರಿಚಿತರೊಬ್ಬರನ್ನು ಕಂಡಂತಾಯಿತು.

ಖೆಲ್ಲಾ ಬೀಜದ ಕಷಾಯವನ್ನು ಈಜಿಪ್ಟಿನ ಜನರು ಮೂತ್ರಕೋಶದ ಕಲ್ಲಿನ ನೋವಿಗೆ ಬಹಳ ಕಾಲದಿಂದ ಕುಡಿಯುತ್ತಿದ್ದರು. 1940ರ ದಶಕದಲ್ಲಿ ಕೈರೋದಲ್ಲಿದ್ದ ರಷ್ಯಾ ಮೂಲದ ವಿಜ್ಞಾನಿ ಗ್ಲೆಬ್ ಆನ್ರೆಪ್ ಒಂದು ವಿಷಯ ಗಮನಿಸಿದರು. ಅವರ ಪ್ರಯೋಗಾಲಯದ ಸಹಾಯಕನೊಬ್ಬ ಕಲ್ಲಿನ ನೋವಿಗೆಂದು ಖೆಲ್ಲಿನ್ ತೆಗೆದುಕೊಂಡಿದ್ದ, ಅದರಿಂದ ಅವನ ಎದೆನೋವು ಕೂಡ ಕಡಿಮೆಯಾಗಿತ್ತು. ಈ ವಸ್ತು ದೇಹದೊಳಗಿನ ಸ್ನಾಯುಗಳನ್ನು ಸಡಿಲಿಸುತ್ತದೆ ಎಂಬುದು ಇದರಿಂದ ಎಲ್ಲರ ಗಮನಕ್ಕೆ ಬಂತು. ಹಾಗಿದ್ದರೆ ಶ್ವಾಸನಾಳದ ಸ್ನಾಯುವನ್ನೂ ಸಡಿಲಿಸಬಹುದಲ್ಲವೇ ಎಂಬುದು ಬೆಂಜರ್ ಕಂಪನಿಯವರ ಲೆಕ್ಕ. ಆದರೆ ಖೆಲ್ಲಿನ್ ನುಂಗಿದರೆ ವಾಕರಿಕೆ ಬರುತ್ತಿತ್ತು. ಆದ್ದರಿಂದ ಅದನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ಹೊಸ ಹೊಸ ಸಂಯುಕ್ತಗಳನ್ನು ತಯಾರಿಸುತ್ತಿದ್ದರು.

ಹೊಸ ವಸ್ತು ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಹೇಗೆ? ಆಗಿನ ಪದ್ಧತಿಯಂತೆ ಗಿನಿಯಿಲಿಗಳ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಗಿನಿಯಿಲಿಗೆ ಕೃತಕವಾಗಿ ಉಬ್ಬಸ ಬರಿಸಿ, ಔಷಧಿ ಕೊಟ್ಟು ನೋಡುತ್ತಿದ್ದರು. ರೋಜರ್ ಅವರಿಗೆ ಈ ಪದ್ಧತಿಯಲ್ಲಿ ನಂಬಿಕೆ ಇರಲಿಲ್ಲ. ಗಿನಿಯಿಲಿಯ ಉಬ್ಬಸ ಬೇರೆ, ಮನುಷ್ಯನ ಆಸ್ತಮಾ ಬೇರೆ ಎಂದು ಅವರು ವಾದಿಸಿದರು. ಆಸ್ತಮಾ ಬರುವುದು ಮನುಷ್ಯನಿಗೆ, ಹಾಗಾಗಿ ಪರೀಕ್ಷೆಯೂ ಮನುಷ್ಯನಲ್ಲೇ ಆಗಬೇಕು ಎಂಬುದು ಅವರ ನಿಲುವು. ಆದರೆ ಬೇರೆ ರೋಗಿಯನ್ನು ಅಪಾಯಕ್ಕೆ ತಳ್ಳುವುದು ಹೇಗೆ? ಅದಕ್ಕೆ ಅವರು ತಮ್ಮನ್ನೇ ಆರಿಸಿಕೊಂಡರು.

ಕಾಕತಾಳೀಯವೋ ಏನೋ, ರೋಜರ್ ಅವರಿಗೆ ಅಲರ್ಜಿ ಇದ್ದದ್ದು ಗಿನಿಯಿಲಿಯ ಕೂದಲು ಮತ್ತು ಚರ್ಮದ ಹೊಟ್ಟಿಗೆ. ಅದರಿಂದ ತೆಗೆದ ಸಾರವನ್ನು ಅವರು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಎದೆ ಬಿಗಿಯುತ್ತಿತ್ತು, ಸುಂಯ್‌ಗುಡುವ ಶಬ್ದ ಶುರುವಾಗುತ್ತಿತ್ತು. ಆಗ ಒಂದು ಯಂತ್ರಕ್ಕೆ ಜೋರಾಗಿ ಊದಿ, ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ಬರೆದಿಡುತ್ತಿದ್ದರು. ಮತ್ತೊಂದು ದಿನ ಮೊದಲು ಹೊಸ ಸಂಯುಕ್ತವನ್ನು ಎಳೆದುಕೊಂಡು, ಆಮೇಲೆ ಅದೇ ಸಾರವನ್ನು ಎಳೆದುಕೊಂಡು, ಮತ್ತೆ ಊದುತ್ತಿದ್ದರು. ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಔಷಧಿಯ ಫಲಿತಾಂಶ. ಹೀಗೆ ಒಂದಲ್ಲ ಎರಡಲ್ಲ, ಸುಮಾರು ಎಂಟು ವರ್ಷ, ನೂರಾರು ಸಲ ತಮ್ಮ ಮೇಲೆ ತಾವೇ ಉಬ್ಬಸ ಬರಿಸಿಕೊಂಡರು. ಉಬ್ಬಸ ಬಂದವರನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತಿನ ಭಾರ ಗೊತ್ತು. ನೀರಿನಲ್ಲಿ ಮುಳುಗುವವನ ಸಂಕಟದಂಥ ಸಂಕಟ ಅದು. ಯಾರೂ ಒತ್ತಾಯಿಸದೆ, ವಾರ ವಾರವೂ ಅದನ್ನು ಕರೆದು ತರುವುದೆಂದರೆ ಸಾಮಾನ್ಯ ಮಾತಲ್ಲ.

ಈ ಪ್ರಯೋಗಗಳಿಂದ ಒಂದು ವಿಚಿತ್ರ ಸಂಗತಿ ಹೊರಬಂತು. ಕೆಲವು ಸಂಯುಕ್ತಗಳು ಬಿಗಿದ ಸ್ನಾಯುವನ್ನು ಸಡಿಲಿಸುತ್ತಲೇ ಇರಲಿಲ್ಲ. ಉಬ್ಬಸ ಬಂದ ಮೇಲೆ ತೆಗೆದುಕೊಂಡರೆ ಅವುಗಳಿಂದ ಏನೂ ಪ್ರಯೋಜನವಿಲ್ಲ. ಆದರೆ ಸಾರವನ್ನು ಎಳೆದುಕೊಳ್ಳುವ ಮೊದಲೇ ತೆಗೆದುಕೊಂಡರೆ ಉಬ್ಬಸ ಬರುವುದೇ ಕಡಿಮೆಯಾಗುತ್ತಿತ್ತು. ಗಿನಿಯಿಲಿಗಳಲ್ಲಿ ಇದು ಕಾಣುತ್ತಿರಲಿಲ್ಲ. ಸ್ನಾಯು ಸಡಿಲಿಸುವ ಔಷಧಿಯನ್ನೇ ಹುಡುಕುತ್ತಿದ್ದವರು ಇಂಥ ವಸ್ತುವನ್ನು ಕಸದ ಬುಟ್ಟಿಗೆ ಎಸೆಯುತ್ತಿದ್ದರು. ರೋಜರ್ ತಮ್ಮ ಎದೆಯಲ್ಲೇ ಅದನ್ನು ಅನುಭವಿಸಿದ್ದರಿಂದ ಎಸೆಯಲಿಲ್ಲ. ಇಳಿಸುವ ಔಷಧಿ ಬೇರೆ, ತಡೆಯುವ ಔಷಧಿ ಬೇರೆ ಎಂಬ ಭೇದ ಅವರಿಗೆ ಹೀಗೆ ಹೊಳೆಯಿತು. ನನ್ನ ಪ್ರಕಾರ ಅವರ ಜೀವನದ ದೊಡ್ಡ ಸಂಪಾದನೆ ಇದೇ.

ಇದರ ಹಿಂದಿನ ರೋಗನಿರೋಧಕ ವಿಜ್ಞಾನವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಶ್ವಾಸನಾಳದ ಗೋಡೆಯಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಜರ್ಮನಿಯ ಪೌಲ್ ಎರ್ಲಿಕ್ ಅವರು 19ನೇ ಶತಮಾನದಲ್ಲೇ ಇವುಗಳಿಗೆ ಹೆಸರಿಟ್ಟಿದ್ದರು. ಈ ಕೋಶದ ತುಂಬ ಸಣ್ಣ ಸಣ್ಣ ಚೀಲಗಳಿವೆ, ಚೀಲಗಳಲ್ಲಿ ಹಿಸ್ಟಮಿನ್ ಮುಂತಾದ ರಾಸಾಯನಿಕಗಳಿವೆ. ಅಲರ್ಜಿ ಇರುವವರ ದೇಹದಲ್ಲಿ ಐಜಿಇ ಎಂಬ ಪ್ರತಿಕಾಯ ಹೆಚ್ಚಾಗಿ ತಯಾರಾಗಿ ಮಾಸ್ಟ್ ಕೋಶದ ಮೇಲೆ ಅಂಟಿಕೊಂಡಿರುತ್ತದೆ. ಧೂಳೋ ಪರಾಗವೋ ಬೆಕ್ಕಿನ ಕೂದಲೋ ಒಳಗೆ ಬಂದು ಆ ಪ್ರತಿಕಾಯಗಳನ್ನು ಮುಟ್ಟಿದರೆ, ಕಾವಲುಗಾರನು ಕಳ್ಳ ಬಂದನೆಂದು ಭಾವಿಸಿ ಚೀಲಗಳನ್ನೆಲ್ಲ ಒಮ್ಮೆಲೇ ಬಿಚ್ಚುತ್ತಾನೆ. ನಿಮಿಷಗಳಲ್ಲೇ ಸ್ನಾಯು ಬಿಗಿಯುತ್ತದೆ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಆ ರಾಸಾಯನಿಕಗಳ ಕರೆಗೆ ರಕ್ತದಿಂದ ಬೇರೆ ಕೋಶಗಳು ಓಡಿಬರುತ್ತವೆ. ಕೆಲವು ಗಂಟೆಗಳ ನಂತರ ನಾಳದ ಗೋಡೆ ಊದಿಕೊಂಡು ಎರಡನೇ ಸಲ ಉಸಿರು ಕಟ್ಟುತ್ತದೆ. ಇದನ್ನೇ ಉರಿಯೂತ ಎನ್ನುವುದು. ಬಂದವನು ಕಳ್ಳನಲ್ಲ, ಬರಿಯ ಧೂಳು. ಆದರೂ ಮನೆಯೆಲ್ಲ ರಣರಂಗ. ಐಜಿಇ ಏನೆಂದು ಅಮೆರಿಕ ಮತ್ತು ಸ್ವೀಡನ್‌ನ ವಿಜ್ಞಾನಿಗಳು ಕಂಡುಹಿಡಿದದ್ದು 1966 ಮತ್ತು 1967ರ ಹೊತ್ತಿಗೆ. ಅಂದರೆ ರೋಜರ್ ತಮ್ಮ ಪ್ರಯೋಗಗಳನ್ನು ಮಾಡುತ್ತಿದ್ದಾಗ ಈ ಚಿತ್ರ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಚೀಲಗಳು ಬಿಚ್ಚದಂತೆ ತಡೆಯುವ ವಸ್ತು ತಮ್ಮ ಕೈಯಲ್ಲಿದೆ ಎಂಬ ವಿವರಣೆ ಆಮೇಲೆ ಬಂತು.

ಈಗ ಕಂಪನಿಯ ವಿಷಯಕ್ಕೆ ಬರುತ್ತೇನೆ. ವರ್ಷಗಳು ಕಳೆದರೂ ಮಾರಾಟಕ್ಕೆ ಒಂದು ಔಷಧಿಯೂ ಸಿಕ್ಕಿರಲಿಲ್ಲ. ಪ್ರಾಣಿಗಳ ಪರೀಕ್ಷೆಯಲ್ಲಿ ಫಲ ಕಾಣುತ್ತಿಲ್ಲ, ಒಬ್ಬ ವೈದ್ಯನ ಎದೆಯಲ್ಲಿ ಮಾತ್ರ ಕಾಣುತ್ತಿದೆ. ಇಂಥ ಯೋಜನೆಗೆ ಹಣ ಹಾಕಲು ಆಡಳಿತದವರು ಹಿಂಜರಿದರು. ರೋಜರ್ ಈ ಕೆಲಸದ ಬಹುಭಾಗವನ್ನು ತಮಗೆ ವಹಿಸಿದ ಕೆಲಸದ ಹೊರಗೆ, ತಮ್ಮ ಸ್ವಂತ ಸಮಯದಲ್ಲಿ ಮುಂದುವರಿಸಿದರು. ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ಆಡಳಿತದವರನ್ನು ಪೂರ್ತಿ ತಪ್ಪೆಂದು ಹೇಳಲಾರೆ. ಲಾಭ ಬರುತ್ತದೋ ಇಲ್ಲವೋ ಗೊತ್ತಿಲ್ಲದ ವೆಚ್ಚವನ್ನು ಎಷ್ಟು ವರ್ಷ ಹೊರುವುದು ಎಂಬ ಪ್ರಶ್ನೆ ಯಾವ ವ್ಯವಹಾರದಲ್ಲೂ ಇರುತ್ತದೆ. ಆದರೆ ಅವರ ಮುಂದಿದ್ದ ಲೆಕ್ಕದಲ್ಲಿ ಒಂದು ಮುಖ್ಯ ಅಂಶ ಇರಲಿಲ್ಲ. ನಾವು ಕಲಿಯುವ ಆಸ್ತಿ ಹೊಣೆ ಪಟ್ಟಿಯಲ್ಲಿ ಪೇಟೆಂಟನ್ನು ಅಮೂರ್ತ ಆಸ್ತಿ ಎಂದು ತೋರಿಸಲು ಜಾಗವಿದೆ. ಆ ಪೇಟೆಂಟಿಗಾಗಿ ಒಬ್ಬ ಮನುಷ್ಯ ಕೊಟ್ಟ ಉಸಿರನ್ನು ತೋರಿಸಲು ಅದರಲ್ಲಿ ಯಾವ ಕಾಲಮ್ಮೂ ಇಲ್ಲ.

ಕೊನೆಗೆ 1965ರಲ್ಲಿ ಆ ಪ್ರಯೋಗಾಲಯದಲ್ಲಿ ತಯಾರಾದ ಒಂದು ಸಂಯುಕ್ತ ಎಲ್ಲವನ್ನೂ ಬದಲಿಸಿತು. ಅದು ಸೋಡಿಯಂ ಕ್ರೋಮೊಗ್ಲೈಕೇಟ್. ಅದನ್ನು ಎಳೆದುಕೊಂಡು ಗಂಟೆಗಳ ನಂತರ ಗಿನಿಯಿಲಿಯ ಸಾರವನ್ನು ಎಳೆದುಕೊಂಡರೂ ರೋಜರ್ ಅವರ ಎದೆ ಹಿಂದಿನಂತೆ ಬಿಗಿಯಲಿಲ್ಲ. ಆದರೆ ಒಬ್ಬ ಮನುಷ್ಯನ ಅನುಭವ ವಿಜ್ಞಾನಕ್ಕೆ ಸಾಕಾಗುವುದಿಲ್ಲ. ಅದಕ್ಕಾಗಿ ಜ್ಯಾಕ್ ಹೋವೆಲ್ ಎಂಬ ವೈದ್ಯರ ಜೊತೆ ಸೇರಿ ಅವರು ರೋಗಿಗಳ ಮೇಲೆ ಕ್ರಮಬದ್ಧ ಪರೀಕ್ಷೆ ನಡೆಸಿದರು. ನಿಜವಾದ ಔಷಧಿ ಯಾವುದು, ಬರಿಯ ಪುಡಿ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯನಿಗೂ ಗೊತ್ತಿಲ್ಲ. ಹಾಗಿದ್ದಾಗ ಬಂದ ಫಲಿತಾಂಶಕ್ಕೆ ಯಾರ ಆಸೆಯೂ ಬಣ್ಣ ಹಚ್ಚಲಾರದು. 1967ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಪರೀಕ್ಷೆಯ ವರದಿ ಪ್ರಕಟವಾಯಿತು. 1968ರಲ್ಲಿ ಇಂಟಾಲ್ ಎಂಬ ಹೆಸರಿನಲ್ಲಿ ಔಷಧಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1973ರಲ್ಲಿ ಅಮೆರಿಕದಲ್ಲೂ ಅನುಮತಿ ಸಿಕ್ಕಿತು. ಹಣ ಹಾಕಲು ಹಿಂಜರಿದಿದ್ದ ಆ ಗೊಬ್ಬರದ ಕಂಪನಿಗೆ ಮುಂದೆ ಔಷಧ ಉದ್ಯಮದಲ್ಲಿ ಹೆಸರು ತಂದುಕೊಟ್ಟದ್ದು ಇದೇ ಇಂಟಾಲ್.

ಇನ್ನೊಂದು ಸಮಸ್ಯೆ ಇತ್ತು. ಈ ಔಷಧಿಯನ್ನು ನುಂಗಿದರೆ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅದು ನೇರವಾಗಿ ಶ್ವಾಸನಾಳಕ್ಕೇ ಹೋಗಬೇಕು. ಒಂದು ಸಲಕ್ಕೆ ಬೇಕಾದದ್ದು 20 ಮಿಲಿಗ್ರಾಂ ಪುಡಿ, ಅದು ಆಗಿನ ಒತ್ತುವ ಇನ್‌ಹೇಲರ್‌ಗೆ ಬಹಳ ಹೆಚ್ಚು. ಇಲ್ಲಿ ಪೈಲಟ್ ರೋಜರ್ ವೈದ್ಯ ರೋಜರ್ ಅವರ ಸಹಾಯಕ್ಕೆ ಬಂದರು. ಅಂಗೈಯಲ್ಲಿ ಹಿಡಿಯುವ ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ವಿಮಾನದ ರೆಕ್ಕೆಯಂಥ ಪುಟ್ಟ ತಿರುಗಣೆ ಇಟ್ಟು, ಅದಕ್ಕೆ ಔಷಧಿಯ ಕ್ಯಾಪ್ಸೂಲ್ ಸಿಕ್ಕಿಸುವ ಸಾಧನವನ್ನು ಅವರು ಸಹೋದ್ಯೋಗಿಗಳ ಜೊತೆ ಸೇರಿ ರೂಪಿಸಿದರು. ಕ್ಯಾಪ್ಸೂಲಿಗೆ ತೂತು ಮಾಡಿ ಬಾಯಿಟ್ಟು ಜೋರಾಗಿ ಉಸಿರೆಳೆದರೆ ರೆಕ್ಕೆ ಗಿರ್ರನೆ ತಿರುಗಿ ಪುಡಿ ಹಾರಿ ಒಳಗೆ ಹೋಗುತ್ತದೆ. ಮೋಟಾರ್ ಬೇಡ, ಗ್ಯಾಸ್ ಬೇಡ, ರೋಗಿಯ ಉಸಿರೇ ಅದರ ಎಂಜಿನ್. ಅದಕ್ಕೆ ಸ್ಪಿನ್‌ಹೇಲರ್ ಎಂದು ಹೆಸರಾಯಿತು. ಇಂದು ನಮ್ಮೂರಿನ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ, ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನಗಳು ಬೇರೆ ಬೇರೆ ರಚನೆಯವು. ಆದರೆ ರೋಗಿಯ ಉಸಿರಿನಿಂದಲೇ ಪುಡಿ ಹಾರಿಸುವ ದಾರಿ ಅದೇ.

ಈ ಔಷಧಿ ಬಂದ ಕಾಲವನ್ನೂ ನೆನಪಿಡಬೇಕು. 1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಇನ್ನೂ ಕೆಲವು ದೇಶಗಳಲ್ಲಿ ಆಸ್ತಮಾದಿಂದ ಸಾಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತ್ತು. ಸತ್ತವರಲ್ಲಿ ಮಕ್ಕಳೂ ಹದಿಹರೆಯದವರೂ ಇದ್ದರು. ಐಸೊಪ್ರಿನಲಿನ್ ಇನ್‌ಹೇಲರನ್ನು ಮತ್ತೆ ಮತ್ತೆ ಒತ್ತಿಕೊಳ್ಳುವುದಕ್ಕೂ ಈ ಸಾವುಗಳಿಗೂ ಸಂಬಂಧವಿದೆ ಎಂದು ವೈದ್ಯರು ಎಚ್ಚರಿಸಿದರು. ಇಳಿಸುವ ಔಷಧಿ ತಕ್ಷಣ ಆರಾಮ ಕೊಡುತ್ತದೆ. ಆದರೆ ಒಳಗಿನ ಉರಿಯೂತ ಹಾಗೆಯೇ ಬೆಳೆಯುತ್ತಿರುತ್ತದೆ. ಆರಾಮ ಸಿಕ್ಕಿತಲ್ಲ ಎಂದು ರೋಗಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾನೆ. ಇಂಥ ಹೊತ್ತಿನಲ್ಲಿ ತಡೆಯುವ ಔಷಧಿಯೊಂದು ಸಿಕ್ಕಿದ್ದು ಎಷ್ಟು ದೊಡ್ಡ ವಿಷಯ ಎಂದು ಊಹಿಸಬಹುದು. ವಿಶೇಷವಾಗಿ ಮಕ್ಕಳಲ್ಲಿ ಅದು ಬಹಳ ಬಳಕೆಗೆ ಬಂತು, ಅಡ್ಡ ಪರಿಣಾಮಗಳು ತೀರ ಕಡಿಮೆ ಇದ್ದವು.

ರೋಜರ್ ಅವರ ಔಷಧಿಯೇ ಕೊನೆಯ ಮಾತಾಗಲಿಲ್ಲ. ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳಬೇಕಾಗಿತ್ತು, ಎಲ್ಲರಿಗೂ ಸಮನಾಗಿ ಕೆಲಸ ಮಾಡುತ್ತಿರಲಿಲ್ಲ. 1972ರಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ ಬಂತು. ನುಂಗುವ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ಬೇಕಾದ ಜಾಗಕ್ಕೇ ತಲುಪಿ ಅದು ಉರಿಯೂತವನ್ನು ಇಳಿಸುತ್ತದೆ. ಇಂದು ಆಸ್ತಮಾ ಚಿಕಿತ್ಸೆಯ ತಳಹದಿ ಅದೇ. ಕ್ರೋಮೊಗ್ಲೈಕೇಟ್ ಈಗ ಹೆಚ್ಚಾಗಿ ಅಲರ್ಜಿಯ ಕಣ್ಣಿನ ಹನಿಯಾಗಿ, ಮೂಗಿನ ಸ್ಪ್ರೇಯಾಗಿ ಉಳಿದಿದೆ. ಆದರೆ ಔಷಧಿ ಹಿಂದೆ ಸರಿದರೂ ಅದು ತೋರಿಸಿದ ದಾರಿ ಉಳಿಯಿತು. ಆಸ್ತಮಾ ಬರಿಯ ಬಿಗಿದ ಸ್ನಾಯುವಲ್ಲ, ಒಳಗಿನ ಉರಿಯೂತವನ್ನು ಚೆನ್ನಾಗಿರುವಾಗಲೇ ಹತೋಟಿಯಲ್ಲಿಡಬೇಕು ಎಂಬ ತಿಳುವಳಿಕೆ ಇಂದು ಎಲ್ಲ ವೈದ್ಯರದ್ದು. ಇಳಿಸುವ ಔಷಧಿಯೊಂದನ್ನೇ ನೆಚ್ಚಿಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ರೋಜರ್ ಅದನ್ನು ನೋಡಲು ಇರಲಿಲ್ಲ. 1987ರ ಡಿಸೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರಂತೆ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಳ್ಳಲು ಇಂದು ಯಾವ ಸಂಸ್ಥೆಯೂ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಪ್ರಾಣಕ್ಕೆ ಅಪಾಯವಿದ್ದ ಕೆಲಸ ಅದು, ಅನುಕರಿಸಲು ತಕ್ಕದ್ದಲ್ಲ. ಆದರೆ ಬೇರೆಯವರಿಗೆ ಕೊಡುವ ಮೊದಲು ಅಪಾಯವನ್ನು ತಾನು ಹೊರಬೇಕು ಎಂಬ ಅವರ ನಿಯ್ಯತ್ತು ಎಲ್ಲ ಕಾಲಕ್ಕೂ ದೊಡ್ಡದು.

ಈ ಕಥೆ ನಮಗೇಕೆ ಬೇಕು ಎಂದು ಕೇಳಬಹುದು. ನಮ್ಮ ನಾನಿಗೆ ದಮಾ ಇದೆ. ವೈದ್ಯರು ಎರಡು ಇನ್‌ಹೇಲರ್ ಕೊಟ್ಟಿದ್ದಾರೆ. ಒಂದು ತಕ್ಷಣ ಆರಾಮ ಕೊಡುವುದು, ಇನ್ನೊಂದು ದಿನವೂ ಬೆಳಿಗ್ಗೆ ರಾತ್ರಿ ತೆಗೆದುಕೊಳ್ಳಬೇಕಾದದ್ದು. ನಾನಿಗೆ ಮೊದಲನೆಯದರ ಮೇಲೆ ಮಾತ್ರ ಪ್ರೀತಿ. ಚೆನ್ನಾಗಿದ್ದೇನಲ್ಲ, ಔಷಧಿ ಯಾಕೆ ಎಂದು ಎರಡನೆಯದನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಪಂಪ್ ಹಿಡಿದರೆ ಚಟವಾಗುತ್ತದೆ ಎಂಬ ಮಾತು ಅವರ ಕಿವಿಗೆ ಯಾರೋ ಹಾಕಿದ್ದಾರೆ. ಇದು ನಮ್ಮ ಮನೆಯೊಂದರ ಕಥೆಯಲ್ಲ ಎಂದು ನನಗೆ ಗೊತ್ತು. ಹುಡುಗಿಯರ ಮನೆಯಲ್ಲಿ ಮದುವೆಯ ಮಾತು ಬಂದಾಗ ಇನ್‌ಹೇಲರ್ ಕಾಣದಂತೆ ಮುಚ್ಚಿಡುವವರಿದ್ದಾರೆ. ಗೆಳೆಯರು ನಗುತ್ತಾರೆಂದು ಬ್ಯಾಗಿನಿಂದ ತೆಗೆಯದ ಹುಡುಗರೂ ಇದ್ದಾರೆ.

ನಾನು ನಾನಿಗೆ ವಿಮೆಯ ಉದಾಹರಣೆ ಹೇಳಿದೆ. ಅಂಗಡಿಗೆ ಬೆಂಕಿ ಬಿದ್ದ ಮೇಲೆ ಯಾರೂ ವಿಮೆ ಮಾಡಿಸುವುದಿಲ್ಲ. ಏನೂ ಆಗದಿರುವಾಗಲೇ ಕಂತು ಕಟ್ಟಬೇಕು. ದಿನದ ಇನ್‌ಹೇಲರ್ ಅಂಥದ್ದೇ ಕಂತು. ವಿಮೆಗಿಂತ ಅದು ಒಂದು ಕೈ ಮೇಲು, ಏಕೆಂದರೆ ವಿಮೆ ನಷ್ಟವನ್ನು ತುಂಬಿಕೊಡುತ್ತದೆ, ಇದು ಬೆಂಕಿಯನ್ನೇ ತಡೆಯುತ್ತದೆ. ಅಬ್ಬಾ ಅಂಗಡಿಯ ಕಂತು ಕಟ್ಟುವುದನ್ನು ವರ್ಷಗಳಿಂದ ನೋಡಿದ ನಾನಿಗೆ ಈ ಲೆಕ್ಕ ಬೇಗ ಅರ್ಥವಾಯಿತು. ಈಗ ಫಜರ್ ನಮಾಜಿನ ನಂತರ ಒಂದು ಸಲ, ಇಶಾ ನಂತರ ಒಂದು ಸಲ ಎಂದು ಸಮಯ ಗೊತ್ತುಮಾಡಿಕೊಂಡಿದ್ದಾರೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು ಎಂಬ ವೈದ್ಯರ ಮಾತನ್ನು ನೆನಪಿಸುವ ಕೆಲಸ ನನ್ನದು.

ರಮ್ಜಾನ್ ತಿಂಗಳಲ್ಲಿ ಈ ವಿಷಯ ಇನ್ನೂ ಮುಖ್ಯವಾಗುತ್ತದೆ. ರೋಜಾ ಇರುವ ಎಷ್ಟೋ ಆಸ್ತಮಾ ರೋಗಿಗಳು ಇಡೀ ತಿಂಗಳು ಔಷಧಿಯನ್ನೇ ನಿಲ್ಲಿಸುತ್ತಾರೆ. ದಿನಕ್ಕೆ ಎರಡು ಸಲದ ಇನ್‌ಹೇಲರನ್ನು ಸೆಹ್ರಿಯ ಹೊತ್ತಿಗೆ ಮತ್ತು ಇಫ್ತಾರಿನ ನಂತರ ತೆಗೆದುಕೊಳ್ಳಲು ಸಾಧ್ಯವಿದೆ. ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಂಡು ಸಮಯ ಹೊಂದಿಸಿಕೊಳ್ಳಬೇಕು. ಇನ್‌ಹೇಲರ್‌ನಿಂದ ರೋಜಾ ಮುರಿಯುತ್ತದೆಯೇ ಎಂಬ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದನ್ನು ಅವರನ್ನೇ ಕೇಳಿ ತಿಳಿಯಬೇಕು. ಆದರೆ ಕಾಯಿಲೆಯವರಿಗೆ ರೋಜಾ ಬಿಟ್ಟು ಮುಂದೆ ಪೂರೈಸುವ ಅವಕಾಶವನ್ನು ದೀನ್ ಕೊಟ್ಟಿದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಸಿರು ಕಟ್ಟುತ್ತಿರುವಾಗ ಇನ್‌ಹೇಲರನ್ನು ದೂರ ಇಡುವುದು ಇಬಾದತ್ ಅಲ್ಲ.

ನಮ್ಮ ತರಗತಿಗಳಲ್ಲೇ ಆಸ್ತಮಾ ಇರುವವರು ಇದ್ದಾರೆ. ಧೂಳಿನ ದಿನ, ಸೀಮೆಸುಣ್ಣದ ಪುಡಿ ಹಾರಿದಾಗ, ಆಟದ ಮೈದಾನದಲ್ಲಿ ಅವರಿಗೆ ತೊಂದರೆಯಾಗಬಹುದು. ಅಂಥವರು ಇನ್‌ಹೇಲರ್ ತೆಗೆದಾಗ ತಿರುಗಿ ನೋಡಿ ಪಿಸುಗುಟ್ಟುವ ಬದಲು, ಕುಳಿತುಕೊಳ್ಳಲು ಜಾಗ ಬಿಟ್ಟು, ಬೇಕಾದರೆ ಉಪನ್ಯಾಸಕರಿಗೆ ತಿಳಿಸಿದರೆ ಸಾಕು. ಅದನ್ನು ತೆಗೆಯಲು ನಾಚಿಕೊಳ್ಳುವವರು ಹಲಬ್ ನಗರದ ಒಬ್ಬ ವೈದ್ಯ ಎಂಟು ವರ್ಷ ತನ್ನ ಉಸಿರನ್ನು ಯಾತಕ್ಕಾಗಿ ಪಣಕ್ಕಿಟ್ಟರು ಎಂಬುದನ್ನು ನೆನೆಯಲಿ. ಬೀರುವಿನಲ್ಲಿ ಇಡಲು ಅಲ್ಲ.